ಡೆಲ್ಫೀನ್ ಕುರ್ಚಿ ಬಿಟ್ಟು ಇಳಿದದ್ದು

ಡೆಲ್ಫೀನ್ ಕಾರ್ಬೋಗೆ ದೇವರು ಕೊಟ್ಟದ್ದು ಎರಡೇ ಆಸ್ತಿ: ಗಟ್ಟಿ ಮೊಣಕಾಲು, ಅದಕ್ಕಿಂತ ಗಟ್ಟಿ ಗಂಟಲು. ಈಸ್ಟ್ ಹಾರ್ಲೋ ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ನಿಂತೇ ಕಳೆದವಳು ಅವಳು. ಊಟದ ಹೊತ್ತಿಗೆ ನೂರೆಂಬತ್ತು ಮಕ್ಕಳು ಒಟ್ಟಿಗೆ ಕಿರುಚುವಾಗ ಸೌಟು ಕೈಯಲ್ಲಿ ಹಿಡಿದು ಒಂದೇ ಸಲ 'ಏಯ್!' ಅಂದರೆ ಸಾಕು, ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿಸುತ್ತಿತ್ತು.

ಊರಸಭೆಯ ಹಳೆಯ ಅಧ್ಯಕ್ಷ ತೀರಿಕೊಂಡ ವರ್ಷ ಆ ಕುರ್ಚಿಗೆ ಯಾರು ಎಂಬ ಪ್ರಶ್ನೆ ಬಂತು. ಹಿಂದಿನ ಬೆಂಚಿನಿಂದ ಯಾರೋ, "ನಮ್ಮೆಲ್ಲರ ಬಾಯಿ ಮುಚ್ಚಿಸೋಕಾಗೋದು ಒಬ್ಬಳಿಗೇ ಕಣ್ರಪ್ಪಾ," ಎಂದರು. ಕೈಗಳು ಎದ್ದವು. ಅಂದಿನಿಂದ ಹದಿನಾರು ವರ್ಷ, ಪ್ರತಿ ಮಾರ್ಚ್ ತಿಂಗಳ ಮೊದಲ ಮಂಗಳವಾರ, ಹಿಮ ಮೆತ್ತಿದ ಬೂಟುಗಳನ್ನು ಬಾಗಿಲಲ್ಲಿ ಕೊಡವಿ ಊರೆಲ್ಲ ಒಳಗೆ ಬರುವಾಗ ಡೆಲ್ಫೀನ್ ವೇದಿಕೆಯ ಮೇಲೆ ಮರದ ಸುತ್ತಿಗೆ ಹಿಡಿದು ಕೂತಿರುತ್ತಿದ್ದಳು.

ಆ ಸಭೆಯಲ್ಲಿ ಒಬ್ಬರ ಜೊತೆ ಒಬ್ಬರು ನೇರ ಮಾತಾಡುವಂತಿಲ್ಲ. ಏನು ಹೇಳುವುದಿದ್ದರೂ ಅಧ್ಯಕ್ಷರಿಗೇ ಹೇಳಬೇಕು. ಬೇಲಿ ಜಗಳದಿಂದ ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು ವರ್ಷಕ್ಕೊಮ್ಮೆ ಅವಳ ಮೂಲಕ ಮಾತಾಡುತ್ತಿದ್ದರು. "ಅಧ್ಯಕ್ಷರೇ, ಬಲಗಡೆ ಮೂರನೇ ಬೆಂಚಲ್ಲಿ ಕೂತಿರೋ ಮನುಷ್ಯನಿಗೆ ಹೇಳಿ, ಅವನ ಹೋರಿ ಮತ್ತೆ ನನ್ನ ತೋಟದಲ್ಲಿದೆ." ಡೆಲ್ಫೀನ್ ಗಂಭೀರವಾಗಿ ಆ ಕಡೆ ತಿರುಗಿ, "ಕೇಳಿಸ್ತಲ್ಲ?" ಅನ್ನುವಳು. ಅಷ್ಟೇ ಅವಳ ಕೆಲಸ. ಕುರ್ಚಿಯ ಮೇಲೆ ಕೂತವರಿಗೆ ಸ್ವಂತ ಅಭಿಪ್ರಾಯ ಇರಕೂಡದು. ಇದ್ದರೂ ಅದನ್ನು ಮನೆಯಲ್ಲೇ ಬಿಟ್ಟು ಬರಬೇಕು. ಹದಿನಾರು ವರ್ಷ ಅವಳು ಹಾಗೇ ಬಿಟ್ಟು ಬಂದಳು. ಶಾಲೆಯಿಂದ ನಿವೃತ್ತಳಾದ ಮೇಲೂ ಅದು ತಪ್ಪಲಿಲ್ಲ.

ಆ ವರ್ಷ ಸಭೆಯ ಪಟ್ಟಿಯಲ್ಲಿ ರಸ್ತೆಯ ಜಲ್ಲಿ, ಅಗ್ನಿಶಾಮಕ ಲಾರಿ ಎಲ್ಲ ಆದಮೇಲೆ ಇಪ್ಪತ್ತೊಂದನೆಯದಾಗಿ ಒಂದು ವಿಷಯವಿತ್ತು. ಅಂಗಡಿಯಲ್ಲಿ ಬಂದೂಕು ಕೊಂಡವರಿಗೆ ಅದು ಮೂರು ದಿನ ಬಿಟ್ಟು ಕೈಗೆ ಸಿಗುವಂತೆ ಕಾನೂನು ಮಾಡಿ ಎಂದು ಊರು ರಾಜ್ಯವನ್ನು ಕೇಳಿಕೊಳ್ಳಬೇಕೇ, ಬೇಡವೇ? ಸಹಿ ಸಂಗ್ರಹಿಸಿ ಅದನ್ನು ಪಟ್ಟಿಗೆ ತಂದವಳು ಮಾರ್ಗಿಟ್ ಸೋಲ್‌ಬರ್ಗ್, ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ನರ್ಸು. ಈ ಊರಿಗೆ ಬಂದು ಹನ್ನೆರಡು ವರ್ಷವಾಗಿದ್ದರೂ ಜನರ ಬಾಯಲ್ಲಿ ಅವಳಿನ್ನೂ 'ಆ ಬಯಲುಸೀಮೆಯವಳು'. ಬೆಟ್ಟದ ಮೇಲೆ ಹುಟ್ಟದವರೆಲ್ಲ ಇಲ್ಲಿ ಬಯಲುಸೀಮೆಯವರೇ.

ವಿರೋಧದ ಮುಂದಾಳು ರಾಯ್ಸ್ ಪೆಲ್ಕಿ. ಊರಿಗಿದ್ದ ಒಂದೇ ಅಂಗಡಿ ಅವನದು. ಬ್ರೆಡ್ಡು, ಸೀಮೆಎಣ್ಣೆ, ರಬ್ಬರ್ ಬೂಟು, ಗಾಳಕ್ಕೆ ಎರೆಹುಳು, ಕೌಂಟರಿನ ಹಿಂದಿನ ಗೋಡೆಗೆ ಬಂದೂಕುಗಳ ಸಾಲು. ನವೆಂಬರಿನಲ್ಲಿ ಬೇಟೆಗಾರರು ತಂದ ಜಿಂಕೆಗಳನ್ನು ತೂಗುವುದೂ ಅವನ ಅಂಗಡಿಯ ಜಗುಲಿಯಲ್ಲೇ. ರಾಯ್ಸ್ ಮತ್ತು ಡೆಲ್ಫೀನ್ ಒಂದೇ ತರಗತಿಯಲ್ಲಿ ಓದಿದವರು. ಅವನು ಮಾತು ಕಡಿಮೆಯ ಮನುಷ್ಯ. ಹೆಂಡತಿ ಐನೆಜ್ ಅದಕ್ಕೆ, "ನಮ್ಮ ಮನೇಲಿ ವಾಕ್ಯ ಪೂರ್ತಿ ಮಾಡೋ ಕೆಲಸ ನಂದು," ಎನ್ನುತ್ತಿದ್ದಳು.

ಅಂದು ಸಭಾಂಗಣ ಕಿಕ್ಕಿರಿದಿತ್ತು. ಜಲ್ಲಿಗೂ ಲಾರಿಗೂ ಯಾರೂ ಬಾಯಿ ಬಿಡಲಿಲ್ಲ. ಇಪ್ಪತ್ತೊಂದನೆಯದು ಬಂದಾಗ ಬೆಂಚುಗಳು ಒಟ್ಟಿಗೆ ಕಿರುಗುಟ್ಟಿದವು.

ಮಾರ್ಗಿಟ್ ಎದ್ದಳು. ಕಾಗದ ಹಿಡಿದಿದ್ದರೂ ಓದಲಿಲ್ಲ. "ಅಧ್ಯಕ್ಷರೇ, ಸಾಯಬೇಕು ಅಂತ ಹೊರಟು ಹೇಗೋ ಉಳ್ಕೊಂಡವರ ಪಕ್ಕ ನಾನು ಎಷ್ಟೋ ಸಲ ಕೂತಿದೀನಿ. ಅವರು ಹೇಳೋದು ಹೆಚ್ಚುಕಡಿಮೆ ಒಂದೇ ಮಾತು. 'ಆವತ್ತೊಂದು ದಿನ ದಾಟಿಬಿಟ್ಟಿದ್ರೆ ಸಾಕಿತ್ತು.' ನಾನು ಯಾರ ಬಂದೂಕನ್ನೂ ಕಿತ್ಕೋತಿಲ್ಲ. ಆ ಒಂದು ದಿನ ಕೇಳ್ತಿದೀನಿ. ಎರಡು ಹೆಚ್ಚಿಗೆ ಸೇರಿಸಿದೀನಿ, ಅಷ್ಟೆ."

ಹೋರೇಸ್ ಟಟಲ್ ಊರುಗೋಲು ಎತ್ತಿದ. ಎಂಬತ್ತೆರಡರ ಮುದುಕ, ಸಭೆಯಲ್ಲಿ ನಗಿಸುವುದು ತನ್ನ ಹಕ್ಕೆಂದು ತಿಳಿದವನು. "ಅಧ್ಯಕ್ಷರೇ, ನನ್ನ ಕೋಳಿಗೂಡಿಗೆ ನರಿ ನುಗ್ತು ಅಂತಿಟ್ಕೊಳ್ಳಿ. ಮೂರು ದಿನ ತಡ್ಕೊಳಪ್ಪಾ ಅಂತ ನರಿಗೂ ಒಂದು ಕಾನೂನು ಮಾಡ್ತಾರಾ?"

ಸಭೆ ಗೊಳ್ಳೆಂದಿತು. ಮಾರ್ಗಿಟ್ ಬಿಡಲಿಲ್ಲ. "ಅಧ್ಯಕ್ಷರೇ, ಹೋರೇಸ್ ಮನೇಲಿ ಆಗಲೇ ಒಂಬತ್ತು ಬಂದೂಕಿವೆ ಅಂತ ಕೇಳಿದೀನಿ. ಒಂಬತ್ತಕ್ಕೂ ಬಗ್ಗದ ನರಿ ಹತ್ತಕ್ಕೆ ಬಗ್ಗತ್ತಾ?"

"ಹನ್ನೊಂದಿವೆ!" ಹೋರೇಸ್ ಅವಮಾನವಾದವನಂತೆ ತಿದ್ದಿದ. ಮತ್ತಷ್ಟು ನಗು. ಡೆಲ್ಫೀನ್ ಮಾತ್ರ ನಗಲಿಲ್ಲ. ನರಿಯ ಮಾತು ಬಂದಾಗ ಅವಳ ಕೈಯಲ್ಲಿದ್ದ ಸುತ್ತಿಗೆ ಮೇಜಿನ ಮೇಲೆ ತಾನಾಗಿ ಕೂತಿತ್ತು.

ಆಮೇಲೆ ಎದ್ದವಳು ಟ್ರೂಡಿ ಲ್ಯಾಮ್, ಗರಗಸದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹೆಂಗಸು, ಸುಮಾರು ಮೂವತ್ತು ವರ್ಷ. ಅವಳು ಸಭೆಯಲ್ಲಿ ಮಾತಾಡಿದ್ದು ಅದೇ ಮೊದಲು. "ಅಧ್ಯಕ್ಷರೇ, ನನ್ನ ಹಳೇ ಗಂಡ ಎಂಥವನು ಅಂತ ನಿಮಗೆಲ್ಲ ಗೊತ್ತು. ನನ್ನ ಹತ್ರ ಬರಬಾರದು ಅಂತ ಕೋರ್ಟು ಕಾಗದ ಕೊಟ್ಟಿದೆ. ಆ ಕಾಗದ ನನ್ನ ಫ್ರಿಜ್ ಮೇಲಿದೆ. ಫೋನ್ ಮಾಡಿದ್ರೆ ಪೊಲೀಸ್ ಕಾರು ನಮ್ಮ ಗುಡ್ಡ ಹತ್ತಿ ಬರೋಕೆ ಐವತ್ತು ನಿಮಿಷ. ಅವನು ಬಾಗಿಲು ತಟ್ಟಿದ ದಿನ ನಾನು ಮೂರು ದಿನ ಎಲ್ಲಿಂದ ತರಲಿ?" ಅವಳು ಥಟ್ಟನೆ ಕೂತುಬಿಟ್ಟಳು. ಈ ಸಲ ಯಾರೂ ನಗಲಿಲ್ಲ. ಮಾರ್ಗಿಟ್ ಕಾಗದವನ್ನು ಮಡಚುತ್ತ ಬಿಚ್ಚುತ್ತ ಇದ್ದಳು.

ಕೊನೆಗೆ ರಾಯ್ಸ್. ಟೋಪಿ ತೆಗೆದು ಬೆಂಚಿನ ಮೇಲಿಟ್ಟ. "ನಲವತ್ತು ವರ್ಷದಿಂದ ಮಾರ್ತಿದೀನಿ. ಯಾರು ಯಾವಾಗ ಕುಡೀತಾರೆ, ಯಾರ ಮನೇಲಿ ಏನು ನಡೀತಿದೆ, ನನಗೆ ಗೊತ್ತಾಗತ್ತೆ. ಕೊಡಬಾರದು ಅನ್ನಿಸಿದವರಿಗೆ ಕೊಡಲ್ಲ. ಅದಕ್ಕೆ ಕಾನೂನು ಬೇಕಾಗಿಲ್ಲ, ಕಣ್ಣು ಬೇಕು. ನೆರೆಹೊರೆ ನೋಡ್ಕೊಳ್ಳೋ ಕೆಲಸಾನ ರಾಜಧಾನಿಯ ಕಾಗದಕ್ಕೆ ಒಪ್ಪಿಸಿಬಿಟ್ರೆ ನಾಳೆಯಿಂದ ನಾವ್ಯಾರೂ ಯಾರನ್ನೂ ನೋಡಲ್ಲ." ಮಾತಾಡುತ್ತ ಅವನ ಕಣ್ಣು ಒಂದು ಗಳಿಗೆ ಡೆಲ್ಫೀನಳ ಮೇಲೆ ನಿಂತು, ಕಿಟಕಿಯ ಕಡೆ ಸರಿಯಿತು.

"ಸರಿಯಾಗಿ ಹೇಳ್ದೆ! ಬಯಲುಸೀಮೆಯವರು ಬಯಲಿಗೇ ವಾಪಸ್ ಹೋಗ್ಲಿ," ಎಂದು ಹಿಂದಿನಿಂದ ಒಂದು ದನಿ ಬಂತು.

"ಏಯ್!" ಎಂದಳು ಡೆಲ್ಫೀನ್. ಅವಳ ಶಾಲೆಯ ಊಟದ ಮನೆಯಲ್ಲಿ ಬೆಳೆದ ಅರ್ಧ ಸಭೆ ಬೆನ್ನು ನೆಟ್ಟಗೆ ಮಾಡಿ ಕೂತಿತು. "ಇಲ್ಲಿ ಮಾತಾಡೋರು ಎದ್ದು ನಿಂತು ಹೆಸರು ಹೇಳಿ ಮಾತಾಡ್ತಾರೆ. ಎದ್ದು ನಿಲ್ಲೋಕೆ ಧೈರ್ಯ ಇಲ್ದಿದ್ರೆ ಬಾಯಿ ಮುಚ್ಕೊಂಡಿರ್ತಾರೆ. ಈಗ ಊಟ."

ಕೆಳಗಿನ ಅಂತಸ್ತಿನಲ್ಲಿ ಬೆಲ್ಲದ ಪಾಕದಲ್ಲಿ ಬೆಂದ ಹುರುಳಿಕಾಯಿ ಬೀಜ, ಹಂದಿಮಾಂಸ, ಸೇಬಿನ ಪೈ. ಪರ ವಿರೋಧ ಎಲ್ಲ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತರು. ಡೆಲ್ಫೀನ್ ತಟ್ಟೆಗೆ ಹಾಕಿಸಿಕೊಂಡು ಮೂಲೆಯಲ್ಲಿ ಕೂತಳು, ಆದರೆ ತುತ್ತು ಎತ್ತಲಿಲ್ಲ.

ಅವಳು ಕುರ್ಚಿಗೇರುವ ಎರಡು ವರ್ಷ ಮೊದಲು ಅವಳ ಗಂಡ ಆಲ್ಡನ್ ಮರದ ದಿಮ್ಮಿ ಎಳೆಯುತ್ತಿದ್ದಾಗ ಟ್ರ್ಯಾಕ್ಟರ್ ಮಗುಚಿ ಸತ್ತ. ಅದು ಡಿಸೆಂಬರ್. ಅವನ ಬೇಟೆ ಕೋವಿಗಳನ್ನೆಲ್ಲ ಅವಳು ಅವನ ಅಣ್ಣಂದಿರಿಗೆ ಕೊಟ್ಟುಬಿಟ್ಟಳು. ಬಟ್ಟೆ ಕೊಟ್ಟಳು, ಒಂದೊಂದಾಗಿ ಮನೆ ಖಾಲಿ ಮಾಡಿದಳು. ಹಿಮ ಕರಗಿ ರಸ್ತೆಯೆಲ್ಲ ಕೊಚ್ಚೆಯಾಗುವ ಕಾಲದಲ್ಲಿ, ಒಂದು ಸೋಮವಾರ, ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿ ರಾಯ್ಸನ ಅಂಗಡಿಗೆ ಹೋದಳು.

"ಕೋಳಿಗೆ ನರಿ ಕಾಟ," ಎಂದಳು. "ಒಂದು ಪಿಸ್ತೂಲು ಕೊಡು."

ರಾಯ್ಸ್ ಅವಳನ್ನು ನೋಡಿದ. ಕೌಂಟರಿನ ಕೆಳಗೆ ಏನೋ ತಡಕಾಡಿದಂತೆ ಮಾಡಿದ. "ಸರಕಾರದ ಫಾರಂ ಮುಗಿದೋಗಿದೆ. ಅದು ತುಂಬಿಸದೆ ಕೊಡೋ ಹಾಗಿಲ್ಲ. ಗುರುವಾರ ಬಾ."

ಅವಳಿಗೆ ಬಂದದ್ದು ಸಿಟ್ಟು. ಮೂರು ತಿಂಗಳಲ್ಲಿ ಅವಳಿಗೆ ಬಂದ ಮೊದಲ ಸಿಟ್ಟು. ಮರುದಿನ ಬೆಳಿಗ್ಗೆ ಐನೆಜ್ ಹಿಟ್ಟಿನ ಬೋಗುಣಿ ಹೊತ್ತು ಬಂದಳು. "ನನ್ನ ಓವನ್ ಕೆಟ್ಟೋಗಿದೆ ಕಣೇ. ನಿಂದ್ರಲ್ಲಿ ಬ್ರೆಡ್ ಬೇಯಿಸ್ಕೋತೀನಿ." ಬೇಯಿಸಿದಳು, ಹೋಗಲಿಲ್ಲ. ಎರಡು ದಿನ ಹೊಲಿಗೆ ಹಾಕುತ್ತ, ಅಕ್ಕಪಕ್ಕದವರ ಮೇಲೆ ಚಾಡಿ ಹೇಳುತ್ತ ಅಲ್ಲೇ ಇದ್ದಳು. ಆಲ್ಡನ್ನನ ಹೆಸರನ್ನು ಎತ್ತಲೇ ಇಲ್ಲ. ಗುರುವಾರ ಡೆಲ್ಫೀನ್ ಎದ್ದಾಗ ಹಸಿವಾಗಿತ್ತು. ಮೊಟ್ಟೆ ಬೇಯಿಸಿಕೊಂಡಳು, ಉಪ್ಪಿರಲಿಲ್ಲ. ಅಂಗಡಿಗೆ ಹೋದಳು. ರಾಯ್ಸನ ಬೆನ್ನ ಹಿಂದಿನ ಕಪಾಟಿನಲ್ಲಿ ಗೇಣೆತ್ತರದ ಫಾರಂ ಕಟ್ಟು ಧೂಳು ಹಿಡಿದು ಕೂತಿತ್ತು. ಅವಳು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ.

"ಉಪ್ಪು ಬೇಕಿತ್ತು."

"ಎರಡನೇ ಸಾಲಲ್ಲಿದೆ."

ಆ ವಾರವೇ ಅವಳು ವೈದ್ಯರ ಬಳಿ ಹೋಗಿ ಎಲ್ಲ ಹೇಳಿಕೊಂಡಳು. ಮೆಲ್ಲಗೆ ಚೇತರಿಸಿಕೊಂಡಳು. ಆದರೆ ಅವಳೂ ರಾಯ್ಸನೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಹದಿನೇಳು ವರ್ಷ.

ಊಟ ಮುಗಿದು ಎಲ್ಲರೂ ಮೇಲೆ ಬಂದು ಕೂತಾಗ ಡೆಲ್ಫೀನ್ ಸುತ್ತಿಗೆಯನ್ನು ಊರಿನ ಗುಮಾಸ್ತ ಕ್ಲೈಡ್ ಬೆಮಿಸ್‌ನ ಕೈಗಿಟ್ಟಳು. "ಈ ವಿಷಯ ಮುಗಿಯೋವರೆಗೆ ನೀನು ನಡೆಸು," ಎಂದು ಮೂರು ಮೆಟ್ಟಿಲಿಳಿದು ಬಂದು ಬೆಂಚುಗಳ ಮುಂದೆ ನಿಂತಳು. ಇಷ್ಟು ವರ್ಷ ಮೇಲಿನಿಂದ ನೋಡಿದ ಮುಖಗಳು ಸಮಕ್ಕೆ ನಿಂತಾಗ ಬೇರೆಯೇ ಆಗಿ ಕಂಡವು. ಗಂಟಲು ಮೊದಲ ಸಲ ಕೈಕೊಟ್ಟಿತು.

"ಜೋರಾಗಿ!" ಎಂದ ಹೋರೇಸ್, ಕಿವಿಗೆ ಕೈಯಿಟ್ಟು.

ಅವಳು ಜೋರಾಗಿಯೇ ಹೇಳಿದಳು. ಸೋಮವಾರ, ಬೋರಲು ಹಾಕಿದ ಪಾತ್ರೆಗಳು, ಫಾರಂ, ಐನೆಜಳ ಬ್ರೆಡ್ಡು, ಉಪ್ಪು. "ನಾನು ಅವನಿಗೆ ಸುಳ್ಳು ಹೇಳ್ದೆ. ಅವನು ನನಗೆ ಸುಳ್ಳು ಹೇಳ್ದ. ಅವನ ಸುಳ್ಳು ಗೆಲ್ತು, ಅದಕ್ಕೇ ನಾನಿವತ್ತು ಇಲ್ಲಿ ನಿಂತಿದೀನಿ. ಸೋಮವಾರದಿಂದ ಗುರುವಾರ, ಎಣಿಸಿ ನೋಡಿ, ಮೂರು ದಿನ. ಆ ಮೂರು ದಿನದ ಬೆಲೆ ನನಗೆ ಗೊತ್ತು. ಅದಕ್ಕೆ ನಾನು ಈ ವಿಷಯದ ಪರ."

ಒಲೆಯಲ್ಲಿ ಸೌದೆ ಜಾರಿತು. ಐನೆಜ್ ಕರವಸ್ತ್ರದಲ್ಲಿ ಮೂಗು ಒತ್ತಿಕೊಂಡಿದ್ದಳು. ರಾಯ್ಸ್ ಎದ್ದ. ಅವನ ಕಿವಿ ಕೆಂಪಾಗಿತ್ತು.

"ಅಧ್ಯಕ್ಷರೇ, ಅವಳು ಹೇಳಿದ್ದೆಲ್ಲ ನಿಜ. ಅದಕ್ಕೇ ನಾನು ಬೇಡ ಅಂತಿರೋದು. ಆವತ್ತು ಕಾನೂನಿತ್ತಾ? ಇರಲಿಲ್ಲ. ನಾನಿದ್ದೆ. ಐನೆಜ್ ಇದ್ಲು. ಮೂರು ದಿನ ಕಾಯಿಸೋದನ್ನ ಕಾನೂನೇ ಮಾಡಿದ್ರೆ ನಾನು ಫಾರಂ ಇಸ್ಕೊಂಡು, 'ಗುರುವಾರ ಬಾ, ಮುಂದಿನವರು ಬನ್ನಿ' ಅಂತಿದ್ದೆ. ಅವಳ ಮನೆಗೆ ಬ್ರೆಡ್ಡು ಯಾರು ತಗೊಂಡು ಹೋಗ್ತಿದ್ರು?"

ಇದು ಡೆಲ್ಫೀನ್ ಎಣಿಸದಿದ್ದ ಮಾತು. ಅದು ಅವಳಿಗೆ ನಾಟಿತು. "ಅಧ್ಯಕ್ಷರೇ," ಎಂದಳು, "ಅವನು ಹೇಳೋದೂ ನಿಜವೇ. ಆದ್ರೆ ಆವತ್ತು ನಾನು ನಲವತ್ತು ಮೈಲಿ ಆಚೆ ದೊಡ್ಡ ಅಂಗಡಿಗೆ ಹೋಗಿದ್ರೆ? ಅಲ್ಲಿ ನಿಂತಿರೋನಿಗೆ ನಾನು ಯಾರು? ಹೋಗದೆ ಇದ್ದದ್ದು ಯಾಕೆ ಗೊತ್ತಾ? ರಸ್ತೆ ಕೊಚ್ಚೆಯಾಗಿತ್ತು. ನನ್ನ ಜೀವ ಕೊಚ್ಚೆ ಮೇಲೆ ನಿಂತಿತ್ತು. ನಾನು ಅಷ್ಟು ತೆಳ್ಳಗಿನ ನೆಲದ ಮೇಲೆ ಬೇರೆಯವರನ್ನ ನಿಲ್ಲಿಸಲಾರೆ."

ರಾಯ್ಸ್ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಆಗ ಮಾರ್ಗಿಟ್ ಎದ್ದು, ಟ್ರೂಡಿ ಕಡೆ ನೋಡದೆ, ಕ್ಲೈಡ್‌ಗೆ ಹೇಳಿದಳು: "ನನ್ನ ಬರಹದಲ್ಲಿ ತಪ್ಪಿದೆ. ಕೋರ್ಟಿನ ರಕ್ಷಣೆ ಕಾಗದ ಇರೋರಿಗೆ ಈ ಮೂರು ದಿನ ಅನ್ವಯಿಸಬಾರದು ಅಂತ ಸೇರಿಸಬೇಕು. ಬೆಳಿಗ್ಗೆಯೇ ನನಗೆ ಹೊಳೀಬೇಕಿತ್ತು." ತಿದ್ದುಪಡಿಯನ್ನು ಯಾರು ಅನುಮೋದಿಸುತ್ತೀರಿ ಎಂದಾಗ ಮೊದಲು ಎದ್ದದ್ದು ಹೋರೇಸನ ಊರುಗೋಲು. ಎಲ್ಲರೂ ಅತ್ತ ತಿರುಗಿದರು. "ವಿರುದ್ಧವೇ ವೋಟು ಹಾಕೋದು ನಾನು," ಎಂದ ಮುದುಕ. "ಕೆಟ್ಟ ಕಾನೂನಾದ್ರೂ ನೆಟ್ಟಗೆ ಬರೆದಿರಲಿ."

ತಿದ್ದುಪಡಿ ಸೇರಿತು. ಮೂಲ ವಿಷಯ ಐದು ಮತಗಳಿಂದ ಬಿದ್ದುಹೋಯಿತು. ಟ್ರೂಡಿ ಯಾವ ಕಡೆಗೂ ಏಳಲಿಲ್ಲ.

ಸಂಜೆ ಡೆಲ್ಫೀನ್ ಕೆಳಗಿನ ಅಡುಗೆಮನೆಯಲ್ಲಿ ತಳ ಹಿಡಿದ ಪಾತ್ರೆ ಉಜ್ಜುತ್ತಿದ್ದಾಗ ರಾಯ್ಸ್ ಬಂದು ಒರಸುವ ಬಟ್ಟೆ ಎತ್ತಿಕೊಂಡ. ಎರಡು ಪಾತ್ರೆ ಒರಸಿದ. ಮೂರನೆಯದನ್ನು ಕೈಯಲ್ಲೇ ಹಿಡಿದು ನಿಂತ.

"ನೀನು ಬರೋ ಹಿಂದಿನ ಅಕ್ಟೋಬರಲ್ಲಿ ಇನ್ನೊಬ್ಬ ಬಂದಿದ್ದ. ಹಳೇ ಗಿರಣಿ ಹತ್ರ ಬಾಡಿಗೆಗಿದ್ದ. ಒಳ್ಳೇ ಮಾತು. ಹವಾ ಬಗ್ಗೆ ಮಾತಾಡ್ದ, ನಮ್ಮ ನಾಯಿ ತಲೆ ಸವರಿದ. ಮುಖ ನೋಡ್ದೆ, ಏನೂ ಕಾಣ್ಲಿಲ್ಲ. ಕೊಟ್ಟೆ. ನಾಲ್ಕನೇ ದಿನ ಪೊಲೀಸರು ಅವನ ಹೆಣದ ಜೇಬಲ್ಲಿ ಸಿಕ್ಕ ರಸೀದಿ ಹಿಡ್ಕೊಂಡು ಬಂದ್ರು."

ಡೆಲ್ಫೀನ್ ನಲ್ಲಿ ನಿಲ್ಲಿಸಿದಳು. "ಹೆಸರೇನು?"

"ಕಾನ್ರಾಡ್ ವೈಸ್. ಇಪ್ಪತ್ತಾರು ವರ್ಷ." ಹುಡುಕಬೇಕಾಗಲಿಲ್ಲ ಅವನಿಗೆ, ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. "ನಿನ್ನ ಮುಖದಲ್ಲೂ ನನಗೇನೂ ಕಾಣ್ಲಿಲ್ಲ ಡೆಲ್ಫೀನ್. ನಿನ್ನ ಕೋಳಿಗಳನ್ನ ಜನವರಿಯಲ್ಲೇ ಐನೆಜ್‌ಗೆ ಕೊಟ್ಟುಬಿಟ್ಟಿದ್ದೆ ನೀನು. ನಮ್ಮ ಹಿತ್ತಲಲ್ಲಿ ಓಡಾಡ್ತಿದ್ವು. ಇಲ್ಲದ ಕೋಳಿಗೆ ಎಲ್ಲಿಯ ನರಿ? ಅಷ್ಟೇ ನಂಗೆ ಹೊಳೆದಿದ್ದು."

ಅವಳು ಉಜ್ಜುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟಳು. "ಇದನ್ನ ಮೇಲೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ವೋಟು ನಿನ್ನ ಕಡೆ ಹೋಗ್ತಿತ್ತು."

"ಥೂ ನಿನ್ನ!" ಡೆಲ್ಫೀನಳ ದನಿಗೆ ಮೇಲಂತಸ್ತಿನಲ್ಲಿ ಕಸ ಗುಡಿಸುತ್ತಿದ್ದವರೂ ನಿಂತರು. "ನನ್ನ ಹೊಟ್ಟೇಲಿದ್ದಿದ್ದನ್ನೆಲ್ಲ ಊರ ಮುಂದೆ ಸುರಿದೆ ನಾನು. ನೀನು ನಿಂದನ್ನ ಜೇಬಲ್ಲಿಟ್ಕೊಂಡು ಕೂತೆ. ಕಣ್ಣು ಬೇಕಂತೆ ಕಣ್ಣು!" ಒದ್ದೆ ಕೈಯಲ್ಲೇ ಕೋಟು ಎತ್ತಿಕೊಂಡು ಹೊರಟುಹೋದಳು.

ಬೇಸಿಗೆ ಪೂರ್ತಿ ಅವಳು ಉಪ್ಪು ಸಕ್ಕರೆಗೆ ಹನ್ನೊಂದು ಮೈಲಿ ದೂರದ ಅಂಗಡಿಗೆ ಹೋದಳು. ಐನೆಜ್ ಮನೆಗೆ ಬರುತ್ತಿದ್ದಳು, ರಾಯ್ಸನ ವಿಷಯ ಎತ್ತುತ್ತಿರಲಿಲ್ಲ. ಎತ್ತದಿರುವ ವಿದ್ಯೆ ಅವಳಿಗೆ ಮೊದಲಿನಿಂದಲೂ ಚೆನ್ನಾಗಿತ್ತು. ಸಭೆಯಾದ ಮೇಲೆ ಡೆಲ್ಫೀನಳಿಗೆ ಎರಡು ಬಗೆಯ ಜನ ಸಿಗತೊಡಗಿದರು. ಕೆಲವರು ರಸ್ತೆಯಲ್ಲಿ ಕಂಡರೆ ಆ ಬದಿಗೆ ದಾಟುವರು. ಇನ್ನು ಕೆಲವರು ಅಂಚೆ ಕಚೇರಿಯ ಮುಂದೆ ಅವಳ ತೋಳು ಹಿಡಿದು ನಿಲ್ಲಿಸಿ, ಅತ್ತಿತ್ತ ನೋಡಿ, ಮೆಲ್ಲಗೆ, "ಮಿಸೆಸ್ ಕಾರ್ಬೋ, ನನ್ನ ತಮ್ಮನೂ..." ಎಂದು ಶುರು ಮಾಡುವರು. ಅವರಲ್ಲಿ ಅರ್ಧ ಜನ ವಿರುದ್ಧ ಮತ ಹಾಕಿದವರೇ. ಅವಳು ಮತದ ಮಾತೆತ್ತದೆ ಕೇಳುತ್ತಿದ್ದಳು. ಮಾರ್ಗಿಟ್‌ಗೆ ಒಮ್ಮೆ ಅವಳು ಹೇಳಿದಳು: "ಮೇಲೆ ಕೂತಾಗ ಊರೆಲ್ಲ ಎರಡು ಪಾಲು ಅಂತ ಕಾಣ್ತಿತ್ತು. ಕೆಳಗೆ ಬಂದ್ಮೇಲೆ ಲೆಕ್ಕಾನೇ ಸಿಗ್ತಿಲ್ಲ ನೋಡು."

ಅಕ್ಟೋಬರಿನಲ್ಲಿ ರಾಯ್ಸನ ಅಂಗಡಿಯ ಬಂದೂಕುಗಳ ಮೇಲೆ ಒಂದು ರಟ್ಟಿನ ಹಲಗೆ ನೇತುಬಿದ್ದಿದೆ ಎಂದು ಸುದ್ದಿಯಾಯಿತು. ಡೆಲ್ಫೀನ್ ನೋಡಲು ಹೋದಳು. ಕೈಬರಹದಲ್ಲಿ ಹೀಗಿತ್ತು: 'ಗುರುತಿಲ್ಲದವರು ಮೂರು ದಿನ ಕಾಯಬೇಕು. ಜಗಳ ಬೇಡ.' ಹೊರಗಿನ ಇಬ್ಬರು ಬೇಟೆಗಾರರು ಆಗಲೇ ಜಗಳವಾಡಿ ಹೋಗಿದ್ದರು.

ಅವಳು ಹಲಗೆಯನ್ನು ಎರಡು ಸಲ ಓದಿದಳು. "ಗುರುತಿರೋರಿಗೆ?"

"ಅವರನ್ನ ನಾನು ನೋಡ್ಕೋತೀನಿ."

"ನಿನ್ನ ಕಣ್ಣು ಇಬ್ಬರಲ್ಲಿ ಒಬ್ಬರಿಗೆ ತಪ್ಪಿದೆ ರಾಯ್ಸ್."

"ಗೊತ್ತು. ಅದಕ್ಕೇ ಹಲಗೆ."

"ಹಲಗೆ ಹಾಕಬಹುದಾದ್ರೆ ಕಾನೂನು ಯಾಕಾಗಬಾರದು?"

"ಹಲಗೆ ಹಾಕಿದ್ದು ನಾನು. ತೆಗೀಬೇಕು ಅನ್ನಿಸಿದ್ರೆ ನಾನೇ ತೆಗೀತೀನಿ."

"ನನಗಿರೋ ಭಯಾನೂ ಅದೇ ಕಣೋ."

ಅವನು ನಕ್ಕ. ಅವಳಿಗೂ ನಗು ಬಂತು, ಆದರೆ ತೋರಿಸಲಿಲ್ಲ. ಸಕ್ಕರೆ ಕೊಂಡು ಮನೆಗೆ ಬಂದಳು.

ಮುಂದಿನ ಮಾರ್ಚ್‌ನಲ್ಲಿ ಅಧ್ಯಕ್ಷರ ಆಯ್ಕೆ ಬಂದಾಗ ಎದ್ದು ನಿಂತು ಕ್ಲೈಡ್ ಬೆಮಿಸ್‌ನ ಹೆಸರು ಸೂಚಿಸಿದವನು ರಾಯ್ಸ್. "ಡೆಲ್ಫೀನ್ ತನ್ನ ಮನಸ್ಸು ಹೇಳಿಬಿಟ್ಟಿದಾಳೆ. ಹೇಳಿದ್ದು ತಪ್ಪಲ್ಲ. ಆದ್ರೆ ಹೇಳಿದವರು ಆ ಕುರ್ಚೀಲಿ ಕೂರಬಾರದು. ಅವಳೇ ನನ್ನ ಕಡೆಯವಳಾಗಿದ್ರೂ ಇದನ್ನೇ ಹೇಳ್ತಿದ್ದೆ." ಸಭೆ ಅವಳ ಮುಖ ನೋಡಿತು. ಅವಳಿಗೆ ಒಳಗೆ ಚುರುಕ್ಕೆಂದಿತು. ಆದರೂ ಯೋಚಿಸಿ, ಅವನ ಮಾತು ಸರಿಯೆಂದು ಕ್ಲೈಡ್ ಪರವಾಗಿ ತಾನೇ ಕೈ ಎತ್ತಿದಳು.

ಆ ವರ್ಷ ಮಾರ್ಗಿಟ್ ವಿಷಯವನ್ನು ಮತ್ತೆ ತಂದಳು, ತಿದ್ದಿದ ರೂಪದಲ್ಲಿ. ಅದು ಒಂಬತ್ತು ಮತಗಳಿಂದ ಗೆದ್ದಿತು. ರಾಯ್ಸ್ ವಿರುದ್ಧವೇ ನಿಂತ. ಟ್ರೂಡಿ ಲ್ಯಾಮ್ ಪರವಾಗಿ ಎದ್ದಳು. ಊರಿನ ಪತ್ರ ರಾಜಧಾನಿಗೆ ಹೋಯಿತು. 'ತಲುಪಿದೆ' ಎಂಬ ಒಂದು ಸಾಲಿನ ಉತ್ತರ ಬಂತು.

ಈಗಲೂ ಶನಿವಾರಗಳಂದು ಅಂಗಡಿಯಲ್ಲಿ ಅವರಿಬ್ಬರ ವಾದ ನಡೆಯುತ್ತದೆ. ಅವನು ಒಪ್ಪಿಲ್ಲ, ಅವಳು ಬಿಟ್ಟಿಲ್ಲ. ಹೋದ ವಾರ ಅರ್ಧ ಮಾತಿನಲ್ಲಿ ರಾಯ್ಸ್ ನಿಂತುಬಿಟ್ಟ. ಬಾಗಿಲಲ್ಲಿ ಯಾರೋ ಹೊಸಬರು ಬಂದು ಬಂದೂಕುಗಳ ಕಡೆ ನೋಡುತ್ತಿದ್ದರು. ಅವನು ಆ ಕಡೆ ಹೋದ. ಡೆಲ್ಫೀನ್ ಹೋಗುವ ಅವಸರವಿಲ್ಲದವಳಂತೆ ಒಲೆಯ ಪಕ್ಕದ ಕುರ್ಚಿ ಎಳೆದು ಕೂತು, "ಕಾಫಿ ಕುಡೀತೀರಾ?" ಎಂದು ಹೊಸಬರನ್ನು ಕೇಳಿದಳು.